ಅಳಿಲು ಮಾರ್ಕಿನ ಪ್ಲೇಟು

ನಾನು ಕಂಡ ಮೊದಲ ಅಳಿಲು ಮಾರ್ಕಿನ ಪ್ಲೇಟಿನಲ್ಲಿ ನೀರು ತುಂಬಿತ್ತು.

ಚಿಂತಾಮಣಿ ತಾಲೂಕಿನ ಕೆಂಚಾರ್ಲಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುವ ಮನೆಯೊಂದರ ಬಾಗಿಲಲ್ಲಿ ನಿಂತು ಒಳಗೆ ಇಣುಕುತ್ತಿದ್ದೆ. ಬಿದಿರು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ್ದ ಮರದ ಸ್ಟ್ಯಾಂಡು. ಅದರ ನಾಲ್ಕು ಕಾಲುಗಳ ಕೆಳಗೆ ನೀರು ತುಂಬಿದ ನಾಲ್ಕು ಕಪ್ಪು ಬಟ್ಟಲು. ಹುಳುವಿಗೆ ಇರುವೆ ಹತ್ತಬಾರದೆಂದು ಹೀಗೆ ಮಾಡುತ್ತಾರೆ. ಸಾಮಾನ್ಯವಾಗಿ ಕಲ್ಲಿನದೋ ಮಣ್ಣಿನದೋ ಬಟ್ಟಲು ಇಡುತ್ತಾರೆ. ಇವು ಗ್ರಾಮಫೋನ್ ಪ್ಲೇಟುಗಳು. ಆ ಕಾಲದ ಪ್ಲೇಟು ಅರಗಿನದು. ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗುತ್ತದೆ, ಚೆಂಬಿನ ತಳಕ್ಕೆ ಒತ್ತಿದರೆ ಬಟ್ಟಲಾಗುತ್ತದೆ. ನಡುವಿನ ತೂತಿಗೆ ಮೇಣ ಮೆತ್ತಿದ್ದರು.

ಮನೆಯ ಯಜಮಾನಿ ಅಕ್ಕಯ್ಯಮ್ಮ ಬಾಗಿಲಿಗೆ ಅಡ್ಡ ನಿಂತರು. "ಒಳಗೆ ಬರಬ್ಯಾಡಿ ಸ್ವಾಮಿ, ಹುಳ ನಾಕನೇ ಜ್ವರಕ್ಕೆ ಕೂತವೆ." ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಹೊರಗಿನವರು ಕಾಲಿಡಕೂಡದು.

"ಬರಲ್ಲಮ್ಮ. ಆ ಬಟ್ಟಲು ಒಂದೇ ಒಂದ್ಸಲ ಎತ್ತಿ ತೋರಿಸ್ತೀರಾ?"

"ಅದನ್ನ ತೆಗುದ್ರೆ ಇರುವೆ ಸುಮ್ನಿರ್ತವಾ? ಗೂಡು ಕಟ್ಟಿದ ಮೇಲೆ ಬನ್ನಿ."

ಗೂಡು ಕಟ್ಟಿದ ಮೇಲೆ ಹೋದೆ. ನೀರು ಚೆಲ್ಲಿ ಬಟ್ಟಲನ್ನು ಬಿಸಿಲಿಗೆ ಹಿಡಿದರೆ ತಳದಲ್ಲಿ ಕೊಳೆತ ಕಾಗದದ ಚೂರು, ಅದರ ಮೇಲೆ ಒಂದು ಅಳಿಲಿನ ಬಾಲ ಮತ್ತು ಹಿಂಗಾಲು. ಕಾಗದದ ಸುತ್ತ ಕಾರ್ಖಾನೆಯವರು ಗೀರಿದ ಸಣ್ಣ ನಂಬರು ಮಾತ್ರ ಚೆನ್ನಾಗಿ ಉಳಿದಿತ್ತು. ನಂಬರನ್ನು ಬರೆದುಕೊಂಡೆ. ಅಕ್ಕಯ್ಯಮ್ಮ ಸೊಸೆಗೆ ತೆಲುಗಿನಲ್ಲಿ ಏನೋ ಹೇಳಿ ನಕ್ಕರು. ನನಗೂ ತೆಲುಗು ಬರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಓದಿದವರಿಗೂ ತಲೆ ಕೆಡುತ್ತೆ ನೋಡು ಅಂದಿದ್ದರು.

ಈ ಕೆಲಸಕ್ಕೆ ಈಗ ಸೇರುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಹುಡುಕಿಕೊಂಡು ಬಂದು, "ಸಾರ್, ನಿಮ್ಮ ಕಾಲದಲ್ಲಿ ಹೇಗೆ ಸಂಶೋಧನೆ ಮಾಡ್ತಿದ್ರಿ?" ಎಂದು ಕೇಳುತ್ತಾರೆ. ಕೆಂಚಾರ್ಲಹಳ್ಳಿಯ ಕಥೆ ಹೇಳಿದರೆ ನಗುತ್ತಾರೆ. ಉಳಿದದ್ದನ್ನು ನಾನು ಅವರಿಗೆ ಹೇಳಿಲ್ಲ. ಅದನ್ನು ಇಲ್ಲಿ ಬರೆಯುತ್ತೇನೆ.

ಐವತ್ತರ ದಶಕದ ನಡುವಿನಲ್ಲಿ ನಾನು ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಸಂಗ್ರಹ ಸಹಾಯಕನಾಗಿ ಸೇರಿದೆ. ಸಂಸ್ಥೆಯ ಹೆಸರು ಬೇಡ. ಹಳೆಯ ಹಾಡುಗಾರಿಕೆಯ ಪ್ಲೇಟುಗಳನ್ನು ಕೂಡಿಸಿ ಪಟ್ಟಿ ಮಾಡುವುದು ಕೆಲಸ. ನಾನು ಗೌರಿಬಿದನೂರಿನವನು, ಕನ್ನಡದ ಜೊತೆ ತೆಲುಗು ಬಲ್ಲವನು ಎಂದು ಆ ಸೀಮೆಯನ್ನು ನನಗೆ ಕೊಟ್ಟರು. ನಮ್ಮ ಮುಖ್ಯಸ್ಥರು ಸಂಗೀತ ಬಲ್ಲವರು, ಇಸ್ತ್ರಿ ಮಾಡಿದ ಕೋಟು ಹಾಕುವವರು. ಮೊದಲ ದಿನವೇ ಹೇಳಿದ್ದರು: "ನಮಗೆ ಬೇಕಾದ್ದು ವಿದ್ವಾಂಸರು ಕಣ್ರೀ. ಸಂತೇಲಿ ಹಾಡೋರನ್ನ ತಂದು ಕಪಾಟು ತುಂಬಿಸಬೇಡಿ."

ಅದಕ್ಕೆ ಮೂರು ವರ್ಷ ವಿದ್ವಾಂಸರನ್ನೇ ಹುಡುಕಿದೆ. ಆಮೇಲೆ ಹೊರದೇಶದ ಸಂಶೋಧಕರೊಬ್ಬರಿಂದ ಮುಖ್ಯಸ್ಥರಿಗೆ ಒಂದು ಕಾಗದ ಬಂತು. ದೊಡ್ಡ ಕಂಪನಿಗಳ ಪ್ಲೇಟುಗಳ ವಿವರ ಎಲ್ಲೆಲ್ಲೂ ಸಿಗುತ್ತದೆ. ಊರೂರಿನ ವ್ಯಾಪಾರಿಗಳು ಸ್ವಂತ ಮಾರ್ಕು ಹಾಕಿಸಿ ಮಾರಿದ ಪ್ಲೇಟುಗಳ ವಿವರ ನಿಮ್ಮಲ್ಲಿದೆಯೇ ಎಂದು ಅವರು ಕೇಳಿದ್ದರು. ಮುಖ್ಯಸ್ಥರು ನನ್ನನ್ನು ಕರೆದರು. "ಈ ಚಿಲ್ಲರೆ ಕಂಪನಿಗಳ ಮೇಲೆ ಒಂದು ಪಟ್ಟಿ ತರಬೇಕು ಅಂತ ನನಗೆ ಮೊದಲಿಂದಲೂ ಇತ್ತು," ಎಂದರು. ಕೆಂಚಾರ್ಲಹಳ್ಳಿಯ ಬಟ್ಟಲಿನ ಬಗ್ಗೆ ನಾನು ಹಿಂದೆ ಬರೆದಿದ್ದ ಟಿಪ್ಪಣಿ ಅವರ ಮೇಜಿನ ಕೆಳಗಿನ ಬುಟ್ಟಿಗೆ ಬಿದ್ದದ್ದನ್ನು ನಾನೇ ನೋಡಿದ್ದೆ.

ಅಳಿಲು ಮಾರ್ಕು ಯಾರದ್ದೆಂದು ನನಗೆ ಹೇಳಿದವರು ಚಿಕ್ಕಬಳ್ಳಾಪುರದ ಬಷೀರ್ ಸಾಹೇಬರು. ರೈಲ್ವೆ ಸ್ಟೇಷನ್ನಿನ ಹತ್ತಿರ ಗಡಿಯಾರ, ಗ್ರಾಮಫೋನು ರಿಪೇರಿ ಮಾಡುತ್ತಿದ್ದರು. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡೇ ಮಾತಾಡುವವರು.

"ಅಳಿಲಾ? ಅರೆ ಸ್ವಾಮಿ, ಅದು ನಮ್ಮ ಬಜಾರಿನ ಬಟ್ಟೆ ಅಂಗಡಿ ಶೆಟ್ರದ್ದು," ಎಂದರು. "ಮದುವೆ ಸೀರೆ ತಗೊಂಡೋರಿಗೆ ಪ್ಲೇಟೂ ಮಾರಣ ಅಂತ ಅವ್ರ ಲೆಕ್ಕ. ಹಾಡೋರನ್ನ ಸಣ್ಣ ಹಳಿ ಮೇಲೆ ಓಡೋ ಚಿಕ್ಕ ರೈಲಲ್ಲಿ ಬೆಂಗಳೂರಿಗೆ ಕರ್ಕೊಂಡ್ ಹೋದ್ರು. ಮಿಷಿನ್ನು ಕೆಟ್ರೆ ಇರಲಿ ಅಂತ ನನ್ನೂ ಕರ್ದ್ರು. ಒಂದೇ ದಿನದಲ್ಲಿ ಎಲ್ಲಾ ಹಾಡಿಸಿ ಮುಗಿಸಿದ್ರು."

"ಒಂದಾದ್ರೂ ಉಳ್ಕೊಂಡಿದ್ಯಾ ಸಾಹೇಬ್ರೇ?"

"ನನ್ನ ಹತ್ರ ಇಲ್ಲ. ಲಡಾಯಿ ಟೈಮಲ್ಲಿ ಹಳೇ ಪ್ಲೇಟು ತೂಕಕ್ಕೆ ತಗೊಂಡು ಕರಗಿಸೋರು ಬರ್ತಿದ್ರು. ಎಲ್ಲಾ ಕೊಟ್ಬಿಟ್ಟೆ." ಗಾಜನ್ನು ಕಣ್ಣಿಂದ ತೆಗೆದರು. "ಒಂದು ಮಾತು ಹೇಳ್ತೀನಿ. ಆ ಪ್ಲೇಟಿನ ಮೇಲಿರೋ ಹೆಸರೆಲ್ಲ ನಂಬಬೇಡಿ. ಶಿಡ್ಲಘಟ್ಟದಲ್ಲಿ ಪಾಪಮ್ಮ ಅಂತ ಇದ್ದಾರೆ, ರೇಷ್ಮೆ ಬಿಚ್ತಾರೆ. ಅವ್ರನ್ನ ಕೇಳಿ."

ಅಲ್ಲಿಂದ ನೇರ ಶಿಡ್ಲಘಟ್ಟಕ್ಕೆ ಹೋಗಬೇಕಿತ್ತು. ನಗರಗೆರೆಯಲ್ಲಿ ಒಬ್ಬರ ಮನೆಯ ಅಟ್ಟದಲ್ಲಿ ಪ್ಲೇಟುಗಳಿವೆ ಎಂಬ ಸುದ್ದಿ ಬಂತೆಂದು ಮೊದಲು ಅತ್ತ ಹೋದೆ. ನನ್ನ ವೃತ್ತಿಯಲ್ಲಿ ನಾನೇ ಕೈಯಾರೆ ಮಾಡಿದ ಮೊದಲ ದೊಡ್ಡ ತಪ್ಪು ಅಲ್ಲಿ ಆಯಿತು. ಆ ಮನೆಯವರು ಒಂದು ಮರದ ಪೆಟ್ಟಿಗೆ ತುಂಬ ಕೊಟ್ಟರು. ಅದರಲ್ಲಿ ಎರಡು ಅಳಿಲು ಮಾರ್ಕಿನವು, ಸ್ವಲ್ಪವೂ ಗೀರಿಲ್ಲದವು. ಬಸ್ಸಿನೊಳಗೆ ಜಾಗವಿಲ್ಲವೆಂದು ಕಂಡಕ್ಟರ್ ಪೆಟ್ಟಿಗೆಯನ್ನು ಮೇಲೆ ಹಾಕಿಸಿದ. ನಾನು ಒಪ್ಪಿದೆ. ಏಪ್ರಿಲ್ ತಿಂಗಳು. ದಾರಿಯಲ್ಲಿ ಟೈರು ಪಂಕ್ಚರಾಗಿ ನಡುಮಧ್ಯಾಹ್ನ ಎರಡು ಗಂಟೆ ಬಸ್ಸು ನಿಂತಿತು. ನಾನು ಹುಣಸೆಮರದ ನೆರಳಲ್ಲಿ ಕೂತು ಸೌತೆಕಾಯಿ ತಿನ್ನುತ್ತಿದ್ದೆ. ಗೌರಿಬಿದನೂರಿನಲ್ಲಿ ಪೆಟ್ಟಿಗೆ ಬಿಚ್ಚಿದರೆ ಪ್ಲೇಟುಗಳೆಲ್ಲ ಕರಿದ ಹಪ್ಪಳದಂತೆ ಸೊಟ್ಟಗಾಗಿದ್ದವು. ಎರಡು ದಪ್ಪ ಪುಸ್ತಕಗಳ ನಡುವೆ ಒತ್ತಿ ಸರಿಮಾಡಲು ಹೋಗಿ ಅಳಿಲಿನವೆರಡನ್ನೂ ಮುರಿದೆ.

ವರದಿಯಲ್ಲಿ "ನಗರಗೆರೆಯಲ್ಲಿ ಉಪಯುಕ್ತವಾದದ್ದು ಸಿಗಲಿಲ್ಲ" ಎಂದು ಬರೆದೆ. ನಿಜ ಹೇಳಿದ್ದರೆ ಒಂದು ಮೆಮೊ ಬರುತ್ತಿತ್ತು, ಅಷ್ಟೇ. ಒಂದು ಸಾಲಿನ ಸುಳ್ಳನ್ನು ಎಷ್ಟು ಸಲೀಸಾಗಿ ಬರೆಯಬಹುದೆಂದು ಅಂದು ತಿಳಿಯಿತು. ಅದು ತಿಳಿಯದೇ ಹೋಗಿದ್ದರೆ ಒಳ್ಳೆಯದಿತ್ತು.

ಶಿಡ್ಲಘಟ್ಟಕ್ಕೆ ಹೋದದ್ದು ಅದಾದ ಮೇಲೆ. ಪಾಪಮ್ಮನವರಿಗೆ ಆಗ ಐವತ್ತು ದಾಟಿತ್ತು. ಮನೆಯ ಮುಂದಿನ ಚಪ್ಪರದಲ್ಲಿ ಚರಕದ ಮುಂದೆ ಕೂತು, ಕುದಿಯುವ ನೀರಿನ ಗೂಡುಗಳಿಂದ ಎಳೆ ಹಿಡಿದು ನೂಲು ಬಿಚ್ಚುತ್ತಿದ್ದರು. ಬೆರಳ ತುದಿಗಳು ನೆನೆದು ಬೆಳ್ಳಗೆ ಸುಕ್ಕಾಗಿದ್ದವು. ಬಂದ ಕಾರಣ ಹೇಳಿದೆ. ಚರಕ ನಿಲ್ಲಿಸಲಿಲ್ಲ.

"ಅದನ್ನ ಕೇಳ್ಕೊಂಡು ಯಾರಪ್ಪ ಕಳಿಸಿದ್ದು?"

"ಬಷೀರ್ ಸಾಹೇಬ್ರು ಅಮ್ಮ."

ಆ ಹೆಸರು ಕೇಳಿ ಎದ್ದರು. ಕೈ ಒರೆಸಿಕೊಂಡು ಒಳಗಿನಿಂದ ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಪ್ಲೇಟು ತಂದರು. ಹಸಿರು ಕಾಗದ, ಕಾಯಿ ಹಿಡಿದ ಅಳಿಲು. ನಗರಗೆರೆಯಲ್ಲಿ ಮುರಿದವನ್ನು ಬಿಟ್ಟರೆ ಪೂರ್ತಿ ಅಳಿಲನ್ನು ನಾನು ನೋಡಿದ್ದು ಆಗಲೇ. ಹಾಡಿದವರ ಹೆಸರು ಇರುವಲ್ಲಿ ಆ ಕಾಲದ ಮೈಸೂರಿನ ಒಬ್ಬ ಪ್ರಸಿದ್ಧ ರಂಗನಟಿಯ ಹೆಸರಿತ್ತು. ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಆಕೆಯದೇನೂ ತಪ್ಪಿಲ್ಲ.

"ಹಾಡಿದ್ದು ನಾನು," ಎಂದರು ಪಾಪಮ್ಮ. "ಹಾರ್ಮೋನಿಯಂ ನಮ್ಮೆಜಮಾನ್ರು. ಪ್ಲೇಟು ಬಂದ ಮೇಲೆ ನೋಡಿದ್ರೆ ಈ ಹೆಸ್ರು. ಇವ್ರು ಶೆಟ್ರನ್ನ ಕೇಳಕ್ಕೆ ಹೋದ್ರು. 'ನೂಲು ಬಿಚ್ಚೋ ಪಾಪಮ್ಮ ಅಂತ ಹಾಕಿದ್ರೆ ಯಾವನಪ್ಪಾ ಕೊಳ್ತಾನೆ' ಅಂದ್ರಂತೆ. ಮನೆಗ್ ಬಂದು ಊಟ ಮಾಡ್ಲಿಲ್ಲ ಇವ್ರು."

ಪ್ಲೇಟನ್ನು ಹಾಕಿ ಕೇಳಲು ಅವರ ಮನೆಯಲ್ಲಿ ಮಿಷಿನ್ನು ಎಂದೂ ಇರಲಿಲ್ಲ. ಮಾರನೆಯ ವಾರ ಬಷೀರ್ ಸಾಹೇಬರೇ ಕೀಲಿ ಕೊಡುವ ಗ್ರಾಮಫೋನ್ ಹಿಡಿದುಕೊಂಡು ನನ್ನ ಜೊತೆ ಬಂದರು. ಒಂದು ಕಡೆ ಕನ್ನಡ ತತ್ವಪದ, ಇನ್ನೊಂದು ಕಡೆ ತೆಲುಗಿನದು. ಆ ತೆಲುಗು ನಮ್ಮ ಗಡಿಸೀಮೆಯದು, ಅರ್ಧ ಕನ್ನಡ ಬೆರೆತದ್ದು. ಮೈಸೂರಿನ ನಟಿಗೆ ಆ ಮಾತು ಬರುವ ಹಾಗೇ ಇಲ್ಲ. ಹಾರ್ಮೋನಿಯಂನ ಬಿಳಿ ಕರಿ ಮನೆಗಳಲ್ಲಿ ಒಂದನ್ನು ಒತ್ತಿದಾಗಲೆಲ್ಲ ದುಂಬಿಯ ಹಾಗೆ ಗುಂಯ್ ಎನ್ನುತ್ತಿತ್ತು. ಪಾಪಮ್ಮ ಅಟ್ಟದಿಂದ ಗಂಡನ ಹಾರ್ಮೋನಿಯಂ ಇಳಿಸಿದರು. ಬಷೀರ್ ಸಾಹೇಬರು ತಿದಿ ಒತ್ತಿ ಒಂದೊಂದೇ ಮನೆ ನುಡಿಸುತ್ತಾ ಹೋದರು. ಅದೇ ಮನೆ, ಅದೇ ಗುಂಯ್. ಮೂವರೂ ಮುಖ ಮುಖ ನೋಡಿಕೊಂಡೆವು. ಇಪ್ಪತ್ತು ವರ್ಷ ಈ ಕೆಲಸ ಮಾಡಿದರೂ ಅಂಥ ಸಾಕ್ಷಿ ನನಗೆ ಮತ್ತೆ ಸಿಗಲಿಲ್ಲ.

ಪಾಪಮ್ಮ ತತ್ವಪದದ ಕಡೆಯನ್ನು ಇನ್ನೊಮ್ಮೆ ಹಾಕಿಸಿದರು. ಎರಡನೆಯ ಚರಣ ಮುಗಿಯುವಾಗ ತಟಕ್ಕನೆ ಕೈ ಎತ್ತಿದರು. "ಇಲ್ಲಿ. ಕೇಳ್ರಿ. ಕೆಮ್ಮಿದ್ರು."

ಹೌದು, ಹಾಡಿನ ಹಿಂದೆ ಅದುಮಿಕೊಂಡ ಒಂದು ಸಣ್ಣ ಕೆಮ್ಮು.

"ಅವ್ರಿಗೆ ಆಗಲೇ ಶುರುವಾಗಿತ್ತು," ಎಂದರು. ಎರಡು ವರ್ಷದಲ್ಲಿ ಗಂಡ ಕ್ಷಯದಿಂದ ತೀರಿಕೊಂಡರಂತೆ. ಅವರ ಒಂದು ಫೋಟೋ ಕೂಡ ಆ ಮನೆಯಲ್ಲಿರಲಿಲ್ಲ. ಅಲ್ಲಿಂದ ಮುಂದೆ ಪಾಪಮ್ಮ ತಮ್ಮ ಹಾಡಿನ ವಿಷಯ ಎತ್ತಲಿಲ್ಲ. ಆ ಜಾಗಕ್ಕೆ ಸ್ವಲ್ಪ ಮೊದಲು ಮುಳ್ಳು ಇಡಿಸಿ, ಕೇಳಿ, ಮತ್ತೆ ಹಿಂದಕ್ಕೆ ಇಡಿಸಿದರು. ನಾಲ್ಕನೆಯ ಸಲಕ್ಕೆ ಬಷೀರ್ ಸಾಹೇಬರು, "ಸಾಕಮ್ಮ, ಪ್ಲೇಟು ಸವೆಯುತ್ತೆ," ಎಂದು ಮೆಲ್ಲಗೆ ಹೇಳಿದರು.

ನಮ್ಮಲ್ಲಿಗೆ ಆಗಷ್ಟೇ ಟೇಪ್ ರೆಕಾರ್ಡರ್ ಬಂದಿತ್ತು. ಅದುವರೆಗೆ ಪ್ಲೇಟಿನ ನಂಬರನ್ನು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದುಕೊಳ್ಳುತ್ತಿದ್ದೆವು, ಹಾಡು ಕೇಳಿ ಕೈಯಲ್ಲಿ ಬರೆದುಕೊಳ್ಳುತ್ತಿದ್ದೆವು. ಈಗ ಸದ್ದನ್ನೇ ಟೇಪಿಗೆ ಇಳಿಸಬಹುದು. ಈ ಪ್ಲೇಟನ್ನು ಬೆಂಗಳೂರಿಗೆ ಕೊಟ್ಟರೆ ಟೇಪಿಗೆ ಇಳಿಸಿ, ಪಟ್ಟಿಯಲ್ಲಿ ನಿಮ್ಮ ಹೆಸರು ಅಚ್ಚು ಹಾಕಿಸಿ, ಒಂದು ತಿಂಗಳಲ್ಲಿ ವಾಪಸು ತಂದುಕೊಡುತ್ತೇನೆ ಎಂದೆ.

ಪಾಪಮ್ಮ ಪ್ಲೇಟನ್ನು ಮತ್ತೆ ಸೀರೆಯಲ್ಲಿ ಸುತ್ತಿದರು. "ಹೆಸ್ರು ಹಾಕ್ಸಿದ್ರೆ ಹಾಕ್ಸಿ. ಪ್ಲೇಟು ತಂದ್ಕೊಡ್ತೀರೇನಪ್ಪಾ?"

"ನಾನೇ ತಂದ್ಕೊಡ್ತೀನಮ್ಮ."

"ನಿಮ್ ಮಕ್ಳಾಣೆ?"

"ಆಣೆ ಎಲ್ಲ ಬೇಡಮ್ಮ, ಸರ್ಕಾರಿ ಕೆಲಸ ಇದ್ದ ಹಾಗೆ ಇದು," ಎಂದೆ ನಾನು.

ಬೆಂಗಳೂರಿನಲ್ಲಿ ಪ್ಲೇಟನ್ನು ಟೇಪಿಗೆ ಇಳಿಸಿ, ಭಾಷೆ, ಹಾರ್ಮೋನಿಯಂ, ಬಷೀರ್ ಸಾಹೇಬರ ಹೇಳಿಕೆ ಎಲ್ಲ ಸೇರಿಸಿ ನಾಲ್ಕು ಪುಟದ ಟಿಪ್ಪಣಿ ಬರೆದೆ. ಮುಖ್ಯಸ್ಥರು ಓದಿದರು. ಕೆಂಪು ಮಸಿಯಲ್ಲಿ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದರು.

"ಪ್ಲೇಟಿನ ಮೇಲೆ ಅಚ್ಚಾಗಿರೋದು ದಾಖಲೆ. ರೇಷ್ಮೆ ಬಿಚ್ಚೋ ಹೆಂಗಸಿನ ಮಾತು ದಾಖಲೆ ಹೇಗಾಗುತ್ರೀ?"

"ಸಾರ್, ಹಾರ್ಮೋನಿಯಂ ಇದೆ. ಬೇಕಾದ್ರೆ ತರಿಸ್ತೀನಿ, ತಾವೇ ಕೇಳಿ."

"ಆ ನಟಿಯ ಮಗ ಯಾರು ಗೊತ್ತೇನ್ರೀ? ತಾಯಿಯ ಸಂಗ್ರಹ ಪೂರ್ತಿ ನಮಗೆ ಕೊಡ್ತಾ ಇದ್ದಾರೆ. ಅವರ ಬಳಿ ಇಲ್ಲದ ಪ್ಲೇಟು ಇದು. ಪಟ್ಟಿ ಬಿಡುಗಡೆಯ ದಿವಸ ಇದನ್ನ ಅವರಿಗೆ ಅರ್ಪಿಸೋಣ ಅಂತಿದ್ದೀನಿ."

"ಸಾರ್, ಅದು ಪಾಪಮ್ಮನೋರದ್ದು. ವಾಪಸ್ ಕೊಡ್ತೀನಿ ಅಂತ ಮಾತು ಕೊಟ್ಟು ತಂದಿದ್ದೀನಿ."

"ಮಾತು ಕೊಟ್ಟವರು ನೀವು. ಸಂಸ್ಥೆ ಅಲ್ಲ." ಆಮೇಲೆ ಸ್ವಲ್ಪ ತಣ್ಣಗೆ ಹೇಳಿದರು: "ನಿಮ್ಮ ಕೆಲಸ ಇನ್ನೂ ಖಾಯಂ ಆಗಿಲ್ಲ, ಅಲ್ವಾ? ಬಿನ್ನವತ್ತಳೆ ನೀವೇ ಬರೀರಿ. ನಿಮ್ಮ ಕನ್ನಡ ಚೆನ್ನಾಗಿದೆ."

ಬರೆದೆ. ನನಗೆ ಇಬ್ಬರು ಚಿಕ್ಕ ಮಕ್ಕಳಿದ್ದರು, ಬಾಡಿಗೆ ಮನೆಯಿತ್ತು ಎಂದೆಲ್ಲ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೇ ಆಫೀಸಿನ ಇನ್ನೊಬ್ಬ ಗುಮಾಸ್ತನಿಗೂ ಮಕ್ಕಳಿದ್ದರು. ಆತ ಬೇರೊಂದು ಸುಳ್ಳು ಕಾಗದಕ್ಕೆ ಸಹಿ ಹಾಕುವುದಿಲ್ಲವೆಂದು ಹೇಳಿ, ಬಿಟ್ಟು ಹೋಗಿ, ಚಿಂತಾಮಣಿಯಲ್ಲಿ ಶಾಲೆಯ ಮೇಷ್ಟರಾದ. ಚೆನ್ನಾಗಿಯೇ ಇದ್ದ. ಹಾಗಾಗಿ ಮಕ್ಕಳನ್ನು ನಾನು ನೆಪ ಮಾಡಿಕೊಳ್ಳುವಂತಿಲ್ಲ. ಹೆದರಿದೆ, ಅಷ್ಟೇ. "ಗ್ರಾಮಾಂತರ ಜನರ ತತ್ವಪದಗಳನ್ನು ತಮ್ಮ ದಿವ್ಯಕಂಠದಿಂದ ನಾಡಿಗೆ ಪರಿಚಯಿಸಿದ" ಎಂದು ಆ ನಟಿಯ ಬಗ್ಗೆ ಬರೆದದ್ದು ನಾನು. ಸಭೆಯಲ್ಲಿ ಅದನ್ನು ಓದಿದಾಗ ಚಪ್ಪಾಳೆ ಬಿತ್ತು. ನನ್ನ ಕನ್ನಡ ನಿಜಕ್ಕೂ ಚೆನ್ನಾಗಿತ್ತು.

ಅದಾದ ಮೇಲೆ ಪಾಪಮ್ಮನವರಿಂದ ಎರಡು ಕಾರ್ಡು ಬಂದವು. ಯಾರ ಕೈಯಲ್ಲೋ ಬರೆಸಿದ್ದು. ಮೊದಲನೆಯದರಲ್ಲಿ ಯೋಗಕ್ಷೇಮ ಕೇಳಿ, ಪ್ಲೇಟಿನ ಕೆಲಸ ಮುಗಿಯಿತೇ ಎಂದಿತ್ತು. ಎರಡನೆಯದರಲ್ಲಿ, ಹೆಸರು ಹಾಕಿಸುವುದು ಕಷ್ಟವಾದರೆ ಬಿಡಿ, ಪ್ಲೇಟು ಮಾತ್ರ ಕಳಿಸಿ ಎಂದಿತ್ತು. ನಾನು ಉತ್ತರ ಬರೆಯಲಿಲ್ಲ. ಚಿಂತಾಮಣಿಗೆ ಕೆಲಸದ ಮೇಲೆ ಹೋಗುವಾಗ ಚಿಕ್ಕ ರೈಲು ಶಿಡ್ಲಘಟ್ಟದಲ್ಲಿ ನಿಂತರೆ, ಪ್ಲಾಟ್‌ಫಾರಂ ಇಲ್ಲದ ಕಡೆಯ ಕಿಟಕಿಗೆ ಮುಖ ತಿರುಗಿಸಿ ಕೂರುತ್ತಿದ್ದೆ.

ಟೇಪಾದರೂ ಇದೆ ಎಂಬ ಒಂದು ಸಮಾಧಾನ ನನಗಿತ್ತು. ಅದರಿಂದ ಇನ್ನೊಂದು ಪ್ರತಿ ಮಾಡಿಸಿ, ಎಲ್ಲಾದರೂ ಒಂದು ಮಿಷಿನ್ನು ಹಿಡಿದು ಅವರಿಗೆ ಕೇಳಿಸಿದರಾಯಿತು ಎಂದುಕೊಂಡಿದ್ದೆ. ಖಾಯಮಾದ ಮೇಲೆ ಧೈರ್ಯ ಬಂದು ಕಪಾಟು ತೆಗೆದು ನೋಡಿದರೆ ಆ ಸುರುಳಿಯ ಡಬ್ಬದ ಮೇಲೆ ಬೇರೆ ಚೀಟಿ ಅಂಟಿಸಿತ್ತು. ಹಾಕಿ ಕೇಳಿದೆ. ಯಾರೋ ಮಂತ್ರಿಗಳು ಸಂಸ್ಕೃತಿಯ ರಕ್ಷಣೆಯ ಬಗ್ಗೆ ಮಾತಾಡುತ್ತಿದ್ದರು. ಟೇಪು ಸಾಲದಾದಾಗ "ಅಷ್ಟು ಮುಖ್ಯವಲ್ಲದ" ಸುರುಳಿಗಳನ್ನು ಅಳಿಸಿ ಮತ್ತೆ ಬಳಸಲು ಮುಖ್ಯಸ್ಥರ ಅಪ್ಪಣೆಯಾಗಿತ್ತಂತೆ. ಸುರುಳಿ ಪೂರ್ತಿ ಕೇಳಿದೆ. ಹಳೆಯದೇನಾದರೂ ಕೊನೆಯಲ್ಲಿ ಉಳಿದಿರಬಹುದೆಂದು ಆಸೆ. ಮಂತ್ರಿಗಳು ಕೊನೆಯವರೆಗೂ ಮಾತಾಡಿದ್ದರು.

ಉಳಿದದ್ದು ನಟಿಯ ಮಗ. ಅವರ ಮನೆಗೆ ಹೋದೆ. ಸಜ್ಜನರು. ಒಳಗೆ ಕರೆದು ಕಾಫಿ ಕೊಟ್ಟು, ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿದ್ದ ಪ್ಲೇಟನ್ನು ತೋರಿಸಿದರು. ಕೆಳಗೆ ನಾನು ಬರೆದ ಸಾಲುಗಳು. "ಜಾರಬಾರದು ಅಂತ ಹಲಗೆಗೆ ಗಟ್ಟಿಯಾಗಿ ಅಂಟು ಹಾಕಿಸಿದ್ದೀವಿ," ಎಂದರು. ಯಾವ ಕಡೆ ಅಂಟಿಗೆ ಹೋಯಿತೆಂದು ನೋಡಿದೆ. ತತ್ವಪದದ ಕಡೆ. ಕೆಮ್ಮು ಇದ್ದದ್ದು ಅಲ್ಲೇ. "ಅಮ್ಮನ ದನಿ ಇದರಲ್ಲಿ ಹೇಗಿದೆಯೋ, ನಾನು ಕೇಳೇ ಇಲ್ಲ ನೋಡಿ," ಎಂದು ಅವರು ನಕ್ಕರು. ಪ್ಲೇಟನ್ನು ವಾಪಸು ಕೇಳಬೇಕೆಂದು ಹೋದವನು ಕೇಳದೆ ಎದ್ದು ಬಂದೆ.

ಕೊನೆಗೆ ಶಿಡ್ಲಘಟ್ಟಕ್ಕೆ ಹೋಗಲೇಬೇಕಾಯಿತು. ಆಫೀಸಿನ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋದೆ. ಪಾಪಮ್ಮನವರನ್ನೇ ಕೂರಿಸಿ ಹಾಡಿಸಿ, ಈ ಸಲ ಅವರದೇ ಹೆಸರು ಹೇಳಿಸಿ ಟೇಪಿಗೆ ಇಳಿಸುವುದು ನನ್ನ ಯೋಚನೆ. ಅವರು ಇನ್ನೂ ನೂಲು ಬಿಚ್ಚುತ್ತಲೇ ಇದ್ದರು. ಕಣ್ಣು ಮಂಜಾಗಿತ್ತು, ಎಳೆಯನ್ನು ಬೆರಳಲ್ಲೇ ಗುರುತು ಹಿಡಿಯುತ್ತಿದ್ದರು. ನನ್ನ ದನಿ ಕೇಳಿ, "ಪ್ಲೇಟಿನ ಸ್ವಾಮಿನಾ?" ಎಂದರು.

ಎಲ್ಲವನ್ನೂ ಹೇಳಿದೆ. ಬಿನ್ನವತ್ತಳೆ ನಾನೇ ಬರೆದದ್ದನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಅಳಲೂ ಇಲ್ಲ. ಚರಕ ನಿಲ್ಲಿಸಿ ನೀರಿನ ಬಾಣಲೆಯ ಕಡೆ ಮುಖ ತಿರುಗಿಸಿದರು.

"ಗೋಡೆ ಮೇಲೆ ಇಟ್ಟವ್ರೆ ಅಂದ್ರಲ್ಲ, ಅವ್ರು ಒಂದ್ಸಲನಾದ್ರೂ ಕೇಳಿದ್ರಂತಾ?"

"ಇಲ್ಲಮ್ಮ."

ನಾನು ಪಕ್ಕದ ಮನೆಯಿಂದ ಕರೆಂಟಿನ ತಂತಿ ಎಳೆಸಿದೆ. ಮಿಷಿನ್ನಿನ ಮುಚ್ಚಳ ತೆಗೆದೆ. ಅಮ್ಮ, ಒಂದು ಪದ ಹಾಡಿ, ನಿಮ್ಮ ಹೆಸರು ಮೊದಲು ಹೇಳಿ, ಅದನ್ನು ಯಾರೂ ಬದಲಾಯಿಸಲಾಗದು ಎಂದು ಬೇಡಿಕೊಂಡೆ. ಅವರು ಕೈ ಚಾಚಿ ಸುರುಳಿಯನ್ನು ಮುಟ್ಟಿ ನೋಡಿದರು. ರೇಷ್ಮೆ ಎಳೆ ಹಿಡಿಯುವ ಬೆರಳುಗಳು ಟೇಪಿನ ಅಂಚಿನ ಮೇಲೆ ಹರಿದಾಡಿದವು.

"ಇದನ್ನ ಅಳಿಸ್ಬೋದಾ?"

ಆ ಒಂದು ದಿನವಾದರೂ ಸುಳ್ಳು ಹೇಳಬಾರದೆಂದು ಹೋಗಿದ್ದೆ. "ಅಳಿಸ್ಬೋದಮ್ಮ."

"ಹಂಗಾರೆ ಬೇಡ ಕಣಪ್ಪ. ತಗೊಂಡೋಗಿ." ಸುರುಳಿಯಿಂದ ಕೈ ತೆಗೆದು, "ಬಿಸಿಲಾಗಿದೆ, ಮಜ್ಜಿಗೆ ಕುಡ್ಕೊಂಡು ಹೋಗಿ," ಎಂದರು. ಮಜ್ಜಿಗೆ ಕುಡಿದೆ. ಅವರು ಚರಕಕ್ಕೆ ಕೂತರು. ನಾನು ಮಿಷಿನ್ನು ಹೊತ್ತುಕೊಂಡು ಸ್ಟೇಷನ್ನಿಗೆ ಬಂದೆ. ಮತ್ತೆ ಎರಡು ವರ್ಷಕ್ಕೆ ಅವರು ಹೋದರೆಂದು ಬಷೀರ್ ಸಾಹೇಬರು ಹೇಳಿ ತಿಳಿಯಿತು.

ನಿವೃತ್ತಿಯಾದ ಮೇಲೆ ಸಂಸ್ಥೆಗೆ ಮೂರು ಸಲ ಕಾಗದ ಬರೆದಿದ್ದೇನೆ. ಪಟ್ಟಿಯಲ್ಲಿ ಅಳಿಲು ಮಾರ್ಕಿನ ಕೆಳಗೆ ಇರುವ ಹೆಸರು ತಪ್ಪು. ಹಾಡಿದವರು ಶಿಡ್ಲಘಟ್ಟದ ಪಾಪಮ್ಮ ಎಂದು ತಿದ್ದಿ ಎಂದು. ಮುಖ್ಯಸ್ಥರು ಬದಲಾಗಿದ್ದಾರೆ, ಈಗಿನವರು ಸಭ್ಯರು. ಪ್ರತಿ ಸಲವೂ ಉತ್ತರ ಬರುತ್ತದೆ. ತಮ್ಮ ಆಸಕ್ತಿಗೆ ಕೃತಜ್ಞತೆಗಳು, ಆದರೆ ಪುರಾವೆ ಇಲ್ಲದೆ ಅಚ್ಚಾದ ಪಟ್ಟಿಯನ್ನು ತಿದ್ದುವ ಪದ್ಧತಿ ಇಲ್ಲ, ಪುರಾವೆಯಿದ್ದರೆ ಕಳಿಸಿಕೊಡಿ ಎನ್ನುತ್ತಾರೆ.

ಪುರಾವೆ ಇತ್ತು. ಹಳೆಯ ಸೀರೆಯಲ್ಲಿ ಸುತ್ತಿ ಜೋಪಾನವಾಗಿ ಇಟ್ಟುಕೊಂಡಿದ್ದರು. ಅದನ್ನು ಅವರ ಮನೆಯಿಂದ ಎತ್ತಿಕೊಂಡು ಬಂದವನು ನಾನು.